ದರೋಜಿಯ ಬಂಡೆಗಳ ನಡುವೆ ಒಂದು ಹಗಲು

ಹಿಮಾಲಯದ ಯಾವುದಾದರೊಂದು ಅಭಯಾರಣ್ಯದಲ್ಲಿ ಒಂದು ಹಗಲು ಕಾಲ್ನಡಿಗೆಯಿಂದ ಸಂಚರಿಸಿ ಬಂದವರಿಗೆ ಒಂದು ಸಂಗತಿ ಚೆನ್ನಾಗಿ ಮನದಟ್ಟಾಗಿರುತ್ತದೆ. ಅಲ್ಲಿ ಸೆಕೆಯಿಂದ ಪಾರಾಗಬೇಕಾದರೆ ಮೇಲಕ್ಕೆ ಹತ್ತಿದರೆ ಸಾಕು. 1972ರಲ್ಲಿ ಸ್ಥಾಪಿತವಾದ ಕೇದಾರನಾಥ ಅಭಯಾರಣ್ಯದಲ್ಲಿ, ಚೋಪ್ತಾ ಎಂಬ ಹುಲ್ಲುಗಾವಲಿನಿಂದ ಬೆಳಿಗ್ಗೆ ಹೊರಟು ಚಂದ್ರಶಿಲೆಯ ನೆತ್ತಿಯನ್ನು ಮುಟ್ಟುವಷ್ಟರಲ್ಲಿ ನಾವು ಸುಮಾರು ಒಂದು ಸಾವಿರ ಮೀಟರು ಏರಿರುತ್ತೇವೆ. ಪ್ರತಿ ಸಾವಿರ ಮೀಟರಿಗೆ ವಾಯುವಿನ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ತಗ್ಗುತ್ತದೆ. ಮರಗಳು ಕುಳ್ಳಾಗುತ್ತ ಹೋಗಿ ಕೊನೆಗೆ ಇಲ್ಲವಾಗುತ್ತವೆ. ಅಲ್ಲಿಯ ಕರಿಯ ಕರಡಿಯೂ ಬೇಸಗೆಯಲ್ಲಿ ಮೇಲಣ ಕಾಡುಗಳಿಗೆ ಏರಿ, ಚಳಿಗಾಲಕ್ಕೆ ಕೆಳಗಿಳಿದು ಬರುತ್ತದೆ.

ನಮ್ಮ ಬಳ್ಳಾರಿ, ವಿಜಯನಗರ ಜಿಲ್ಲೆಗಳ ಕರಡಿಗೆ ಈ ಭಾಗ್ಯವಿಲ್ಲ. ಕಂಪ್ಲಿ, ಕಮಲಾಪುರ, ದರೋಜಿಗಳ ನಡುವಣ ಕಲ್ಲುಗುಡ್ಡಗಳನ್ನು ನೂರು ಮೀಟರು ಹತ್ತಿದರೂ ಒಂದು ಡಿಗ್ರಿಯಷ್ಟು ತಂಪೂ ದೊರೆಯದು. ಬೇಸಗೆಯಲ್ಲಿ ನೆರಳಿನಲ್ಲಿಯೇ 40 ಡಿಗ್ರಿಯನ್ನು ಮುಟ್ಟುವ ಈ ಸೀಮೆಯಲ್ಲಿ, ಮೈತುಂಬ ಉದ್ದನೆಯ ಕರಿಯ ರೋಮವನ್ನು ಹೊತ್ತ ಪ್ರಾಣಿಯೊಂದು ಬದುಕಿರುವುದಾದರೂ ಹೇಗೆ? ಈ ಪ್ರಶ್ನೆಯನ್ನು ನಾವು ಪುಸ್ತಕದಿಂದ ಎತ್ತಿಕೊಂಡದ್ದಲ್ಲ. ಇದನ್ನು ನಮ್ಮ ಮುಂದಿಟ್ಟವರು ಒಬ್ಬ ರೈತರು. ಅದೂ ಬೇರೊಂದು ರೂಪದಲ್ಲಿ.

ಮಾರ್ಚ್ ತಿಂಗಳ ಕೊನೆಯ ವಾರ ನಾವು ಎಮ್ಮಿಗನೂರಿನಲ್ಲಿ ಮಿತ್ರರೊಬ್ಬರ ಮನೆಯಲ್ಲಿ ತಂಗಿದ್ದೆವು. ಸುತ್ತಲೂ ತುಂಗಭದ್ರೆಯ ಕಾಲುವೆ ನೀರುಂಡ ಭತ್ತದ ಬಯಲು. ರಾತ್ರಿಯ ಊಟಕ್ಕೆ ಮಿತ್ರರ ಭಾವನವರೂ ಬಂದಿದ್ದರು. ಅವರ ಹೊಲವಿರುವುದು ಕಂಪ್ಲಿಯಿಂದ ಕಮಲಾಪುರದ ಕಡೆಗೆ ಹೋಗುವ ದಾರಿಯಲ್ಲಿ, ಗುಡ್ಡಗಳ ಬುಡದಲ್ಲಿ. ಮೆಕ್ಕೆಜೋಳವನ್ನೂ ಸ್ವಲ್ಪ ಬಾಳೆಯನ್ನೂ ಇಟ್ಟಿದ್ದಾರೆ. ಪಂಪ್‌ಸೆಟ್ಟಿಗೆ ವಿದ್ಯುತ್ತು ಒಂದು ವಾರ ಹಗಲು, ಒಂದು ವಾರ ರಾತ್ರಿ. ನಾವು ಭೌತಶಾಸ್ತ್ರದ ಅಧ್ಯಾಪಕರೆಂದು ತಿಳಿದಕೂಡಲೇ ಅವರು ಕೇಳಿದರು: "ಸಾರ್, ಕರೆಂಟ್ ಬರೋ ಹೊತ್ತಿಗೇ ಕರಡೀನೂ ಬರ್ತೈತೆ. ಅದಕ್ಕೆ ಹೆಂಗ ಗೊತ್ತಾಗ್ತೈತೆ?" ಎಲ್ಲರೂ ನಕ್ಕರು. ಅವರು ಮಾತ್ರ ನಗಲಿಲ್ಲ. ಪಕ್ಕದ ಹೊಲದವರೊಬ್ಬರ ಮುಖದ ಮೇಲೆ ಕರಡಿಯ ಉಗುರಿನ ಗುರುತು ಇದೆಯೆಂದು ಆಮೇಲೆ ತಿಳಿಯಿತು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಹೊಸದಾಗಿ ಕಟ್ಟಿದ ಸಿಮೆಂಟು ಸ್ಲ್ಯಾಬಿನ ಕೋಣೆಯಲ್ಲಿ ನಮಗೆ ಹಾಸಿಗೆ ಹಾಸಿದ್ದರು. ಹತ್ತು ಗಂಟೆಯಾದರೂ ಛಾವಣಿ ಕಾವಲಿಯಂತೆ ಶಾಖವನ್ನು ಸುರಿಯುತ್ತಿತ್ತು. ಹಿಂದಿನ ಹಳೆಯ ಮಣ್ಣಿನ ಮಾಳಿಗೆಯ ಮನೆಯಲ್ಲಿ ಮಿತ್ರರ ತಾಯಿಯವರು ನೆಮ್ಮದಿಯಾಗಿ ಮಲಗಿದ್ದರು. ಭಾವನವರ ಪ್ರಶ್ನೆಗೆ ಉತ್ತರ ಈ ಎರಡು ಮಾಳಿಗೆಗಳಲ್ಲಿಯೇ ಅಡಗಿತ್ತೆಂಬುದು ನಮಗೆ ಹೊಳೆದದ್ದು ಮರುದಿನ ಮಧ್ಯಾಹ್ನ.

ಮರುದಿನ ನಸುಕಿನಲ್ಲಿಯೇ ಹೊರಟೆವು. ದರೋಜಿ ಕರಡಿಧಾಮದ ವಿಷಯವಾಗಿ ಇಲ್ಲಿ ಎರಡು ಮಾತು ಹೇಳಬೇಕು. ಸಂಡೂರು ಮತ್ತು ಹೊಸಪೇಟೆಗಳ ನಡುವಣ ಬಿಳಿಕಲ್ಲು ಕಾಯ್ದಿಟ್ಟ ಅರಣ್ಯದ ಸುಮಾರು 56 ಚದರ ಕಿಲೋಮೀಟರನ್ನು 1994ರಲ್ಲಿ ಕರಡಿಗಳಿಗಾಗಿ ಅಭಯಾರಣ್ಯವೆಂದು ಘೋಷಿಸಲಾಯಿತು. 2009ರಲ್ಲಿ ಬುಕ್ಕಸಾಗರದ ಅರಣ್ಯವನ್ನು ಸೇರಿಸಿದ ಮೇಲೆ ಅದರ ವಿಸ್ತಾರ ಸುಮಾರು 82 ಚದರ ಕಿಲೋಮೀಟರಾಯಿತು. ಅದರೊಳಗೆ ಮನಬಂದಂತೆ ನಡೆದಾಡಲು ಸಾರ್ವಜನಿಕರಿಗೆ ಅವಕಾಶವಿಲ್ಲ, ಇರಲೂ ಬಾರದು. ಆದುದರಿಂದ ನಮ್ಮ ನಡಿಗೆಯೆಲ್ಲ ಸರಹದ್ದಿನ ಹೊರಗಣ ಗುಡ್ಡಗಳ ಮೇಲೆ, ಕುರಿದಾರಿಯಲ್ಲಿ ನಡೆಯಿತು. ಕಲ್ಲಿಗೆ ಸರಹದ್ದು ತಿಳಿಯದು. ಒಳಗೂ ಹೊರಗೂ ಅದೇ ಬಂಡೆ, ಅದೇ ಕುರುಚಲು.

ದಟ್ಟವಾದ ಕಾಡನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿ ನಿರಾಶೆಯಾದೀತು. ತಂಗಡಿಯ ಹಳದಿ ಹೂವು, ಕಾರೆ, ಕವಳೆ, ಬಾರಿಯ ಮುಳ್ಳುಪೊದೆಗಳು, ಅಲ್ಲಲ್ಲಿ ಎಲೆಯುದುರಿಸಿ ನಿಂತ ಮರಗಳು, ಇವುಗಳ ನಡುನಡುವೆ ಆನೆಗಾತ್ರದಿಂದ ಮನೆಗಾತ್ರದವರೆಗಿನ ಗುಂಡುಗಲ್ಲುಗಳ ರಾಶಿ. ಆದರೆ ಕರಡಿಯ ಕಣ್ಣಿನಿಂದ ನೋಡಿದರೆ ಇದು ಸಮೃದ್ಧವಾದ ಉಗ್ರಾಣ. ಬೇಸಗೆಯ ಕೊನೆಗೆ ಕವಳೆಹಣ್ಣು, ಮಳೆಗಾಲದ ಮೊದಲಲ್ಲಿ ನೇರಳೆ, ಆಮೇಲೆ ಸೀತಾಫಲ, ಚಳಿಗಾಲದಲ್ಲಿ ಬಾರಿ. ವರ್ಷವೆಲ್ಲ ಗೆದ್ದಲಿನ ಹುತ್ತ. ಹುತ್ತವನ್ನು ಉಗುರುಗಳಿಂದ ಬಗೆದು, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ತುಟಿಗಳನ್ನು ಕೊಳವೆಯಂತೆ ಚಾಚಿ ಕರಡಿಯು ಗೆದ್ದಲನ್ನು ಹೀರುವ ಸದ್ದು ನೂರು ಮೀಟರು ದೂರಕ್ಕೂ ಕೇಳುವುದುಂಟು. ಹೀರುವುದಕ್ಕೆ ಅನುಕೂಲವಾಗುವಂತೆ ಅದರ ಮೇಲ್ದವಡೆಯ ನಡುವಣ ಎರಡು ಬಾಚಿಹಲ್ಲುಗಳೇ ಇಲ್ಲ. ಈ ಹಲ್ಲಿನ ಕೊರತೆಯನ್ನೂ ಉದ್ದುದ್ದನೆಯ ಉಗುರುಗಳನ್ನೂ ಕಂಡು, 1791ರಲ್ಲಿ ಜಾರ್ಜ್ ಷಾ ಎಂಬ ಆಂಗ್ಲ ಪ್ರಾಣಿವಿಜ್ಞಾನಿಯು ಇದನ್ನು ಅಮೆರಿಕದ ಮರಗಳಲ್ಲಿ ತೂಗಾಡುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಯ ಬಂಧುವೆಂದು ಭಾವಿಸಿದನು. ತಪ್ಪು ಬೇಗನೆ ತಿದ್ದಿತಾದರೂ ಇಂಗ್ಲಿಷಿನಲ್ಲಿ ಆ ಹೆಸರು ಇಂದಿಗೂ ಉಳಿದುಕೊಂಡಿದೆ. ಕನ್ನಡದಲ್ಲಿ ಇದಕ್ಕೆ ಯಾರೂ ಸೋಮಾರಿಯೆಂದು ಕರೆಯಲಿಲ್ಲ. ಕಿಷ್ಕಿಂಧೆಯ ಜಾಂಬವಂತನ ಊರಿನವರಾದ ನಮಗೆ ಕರಡಿಯ ಗುಣ ಮೊದಲೇ ತಿಳಿದಿತ್ತು.

ಈ ಬಂಡೆಗಳನ್ನು ಯಾರೋ ಎಸೆದು ಹೋದಂತೆ ಕಾಣುವುದರಿಂದ ವಾನರರ ಕಥೆ ಹುಟ್ಟಿದುದರಲ್ಲಿ ಆಶ್ಚರ್ಯವಿಲ್ಲ. ವಾಸ್ತವವಾಗಿ ಅವನ್ನು ಯಾರೂ ಎಸೆದಿಲ್ಲ. ಅವು ಇದ್ದಲ್ಲಿಯೇ ಇವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ್ದ ಶಿಲಾರಸವು ನಿಧಾನವಾಗಿ ತಣಿದು ಗ್ರಾನೈಟಾಯಿತು. ಮೇಲಣ ಹೊರೆ ಸವೆದಂತೆ ಈ ಗಟ್ಟಿ ಶಿಲೆಯಲ್ಲಿ ಅಡ್ಡಲಾಗಿಯೂ ನೆಟ್ಟಗೂ ಬಿರುಕುಗಳು ಮೂಡಿದುವು. ಬಿರುಕಿನೊಳಗೆ ಇಳಿದ ಮಳೆನೀರು ಅಂಚುಗಳನ್ನು ಕೊಳೆಯಿಸುತ್ತ ಬಂದಿತು. ಚೌಕನಾದ ಬೆಲ್ಲದ ಅಚ್ಚನ್ನು ನೀರಿನಲ್ಲಿಟ್ಟರೆ ಮೊದಲು ಕರಗುವುದು ಮೂಲೆಗಳೇ ತಾನೆ? ಹಾಗೆಯೇ ಚೌಕನಾದ ಶಿಲಾಖಂಡಗಳು ಮಣ್ಣಿನೊಳಗಿದ್ದಾಗಲೇ ಗುಂಡಗಾದುವು. ಬಹುಕಾಲದ ತರುವಾಯ ಮಣ್ಣು ಕೊಚ್ಚಿಹೋಗಿ ಗುಂಡುಗಳು ಒಂದರ ಮೇಲೊಂದು ಕುಳಿತುವು. ಅವುಗಳ ನಡುವಣ ಸಂದುಗಳೇ ಕರಡಿಯ ಗವಿಗಳು.

ಹನ್ನೆರಡು ಗಂಟೆಯ ಹೊತ್ತಿಗೆ ಬಿಸಿಲು ಅಸಹ್ಯವಾಯಿತು. ಬಂಡೆಯ ಮೇಲಿಟ್ಟ ಅಂಗೈಯನ್ನು ಥಟ್ಟನೆ ತೆಗೆಯಬೇಕಾಯಿತು. ಕುರಿ ಕಾಯುತ್ತಿದ್ದ ಮುದುಕರೊಬ್ಬರು ನಮ್ಮ ಅವಸ್ಥೆಯನ್ನು ಕಂಡು, ಎರಡು ದೊಡ್ಡ ಗುಂಡುಗಳ ನಡುವಣ ತಾವೊಂದಕ್ಕೆ ಕರೆದೊಯ್ದರು. ಅಲ್ಲಿ ಅವರ ಬುತ್ತಿ, ಕಂಬಳಿ, ನೀರಿನ ಬಾಟಲಿಗಳಿದ್ದುವು. ಒಳಗೆ ಕುಳಿತು ಬೆನ್ನನ್ನು ಕಲ್ಲಿಗೆ ಆನಿಸಿದೊಡನೆಯೇ ನೀರು ಸೋಕಿದಂತೆ ತಂಪು. "ಕರಡಿಗೆ ಭಯವಿಲ್ಲವೆ, ತಾತಾ?" ಎಂದು ಕೇಳಿದೆವು. "ಇದು ಎರಡೂ ಕಡೆ ಬಯಲು, ಸಾರ್. ಅದಕ್ಕೆ ಒಂದೇ ಬಾಯಿ ಇರೋ ಗವಿ ಬೇಕು. ಕಲ್ಲೊಳಗೆ ತಂಪೈತೆ ಅಂತ ನಮಗಿಂತ ಅದಕ್ಕೇ ಚೆಂದಾಗಿ ಗೊತ್ತು. ಹಗಲೆಲ್ಲ ಅಲ್ಲೇ ಮಕ್ಕಂಡಿರ್ತೈತೆ" ಎಂದರು.

ತಲೆಯ ಮೇಲಣ ಬಂಡೆಯ ಹೊರಮೈ ಕೈಯನ್ನು ಸುಡುತ್ತಿದೆ. ಅದೇ ಬಂಡೆಯ ಒಳಮೈ ತಣ್ಣಗಿದೆ. ನೆರಳು ಎಂಬ ಒಂದು ಮಾತಿನಿಂದ ಇದನ್ನು ತೀರಿಸಿಬಿಡುವಂತಿಲ್ಲ. ಮರದ ನೆರಳಿನಲ್ಲಿ ಗಾಳಿಯ ಬಿಸಿ ಇದ್ದೇ ಇರುತ್ತದೆ. ಇಲ್ಲಿ ನಡೆಯುವುದು ಬೇರೆ. ಬಂಡೆಯ ಮೇಲ್ಮೈ ಪ್ರತಿದಿನವೂ ಒಮ್ಮೆ ಕಾಯುತ್ತದೆ, ಒಮ್ಮೆ ಆರುತ್ತದೆ. ಈ ಏರಿಳಿತವು ಅಲೆಯೊಂದರಂತೆ ಕಲ್ಲಿನೊಳಕ್ಕೆ ಇಳಿಯುತ್ತದೆ. ಆದರೆ ಕೆರೆಯ ಅಲೆಯಂತೆ ದೂರ ಸಾಗದು. ಪ್ರತಿಯೊಂದು ಪದರವೂ ತನ್ನನ್ನು ತಾನು ಕಾಯಿಸಿಕೊಳ್ಳಲು ಶಾಖದ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಳಿದುದನ್ನು ಮಾತ್ರ ಮುಂದಿನ ಪದರಕ್ಕೆ ದಾಟಿಸುತ್ತದೆ. ಆ ಪದರಗಳ ಸರದಿ ಮುಗಿಯುವ ಮೊದಲೇ ಸಂಜೆಯಾಗಿ ಮೇಲ್ಮೈ ತಣಿಯತೊಡಗುತ್ತದೆ. ಮೇಲೆ ಸಾಲ ತೀರಿಸುವ ಹೊತ್ತಿಗೆ ಕೆಳಗೆ ಸಾಲ ತಲುಪಿಯೇ ಇರುವುದಿಲ್ಲ!

ಇದರ ಲೆಕ್ಕವನ್ನು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೇ 1822ರಲ್ಲಿ ಪ್ರಕಟವಾದ ತನ್ನ ಉಷ್ಣಸಿದ್ಧಾಂತದ ಗ್ರಂಥದಲ್ಲಿ ಮಾಡಿ ತೋರಿಸಿದನು. ಪ್ಯಾರಿಸ್ಸಿನ ವೇಧಶಾಲೆಯ ಕೆಳಗೆ 28 ಮೀಟರು ಆಳದ ನೆಲಮಾಳಿಗೆಯಲ್ಲಿ ಉಷ್ಣಮಾಪಕದ ಪಾದರಸವು ಚಳಿಗಾಲ ಬೇಸಗೆಗಳೆರಡರಲ್ಲಿಯೂ ಕದಲದೆ ನಿಲ್ಲುವುದು 18ನೆಯ ಶತಮಾನದಲ್ಲಿಯೇ ತಿಳಿದಿತ್ತು. ಫೂರಿಯೇಯ ಲೆಕ್ಕ ಅದಕ್ಕೆ ಕಾರಣವನ್ನು ಒದಗಿಸಿತು. ಅದೇ ಲೆಕ್ಕವನ್ನು ನಮ್ಮ ಗ್ರಾನೈಟಿಗೆ ಹಚ್ಚಿದರೆ ಬರುವ ಉತ್ತರ ಇದು: ದಿನದ ಅಲೆಯು ಸುಮಾರು 18 ಸೆಂಟಿಮೀಟರು, ಎಂದರೆ ಒಂದು ಗೇಣು, ಇಳಿಯುವಷ್ಟರಲ್ಲಿ ಮೂರರಲ್ಲೊಂದು ಪಾಲಿನಷ್ಟಕ್ಕೆ ಕುಗ್ಗುತ್ತದೆ, ಅಲ್ಲದೆ ನಾಲ್ಕು ಗಂಟೆಯಷ್ಟು ಹಿಂದೆ ಬೀಳುತ್ತದೆ. ಮೇಲ್ಮೈಯಲ್ಲಿ ಹಗಲಿಗೂ ರಾತ್ರಿಗೂ 30 ಡಿಗ್ರಿ ಅಂತರವಿದೆಯೆಂದು ಇಟ್ಟುಕೊಳ್ಳೋಣ. ಒಂದು ಗೇಣು ಕೆಳಗೆ ಅದು 11 ಡಿಗ್ರಿ, ಎರಡು ಗೇಣಿಗೆ 4, ಮೂರು ಗೇಣಿಗೆ ಒಂದೂವರೆ. ಐದು ಗೇಣಿನ ಕಲ್ಲಿನಾಚೆ ಉಳಿಯುವುದು ಒಂದು ಡಿಗ್ರಿಯ ಐದರಲ್ಲೊಂದು ಪಾಲು ಮಾತ್ರ. ಹಿಮಾಲಯದಲ್ಲಿ ಸಾವಿರ ಮೀಟರು ಹತ್ತಿದವನಿಗೆ ಸಿಗುವ ಬಿಡುಗಡೆ ನಮ್ಮ ಕರಡಿಗೆ ಒಂದು ಮೀಟರು ಕಲ್ಲಿನ ಕೆಳಗೆ ಸಿಗುತ್ತದೆ.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಗವಿಯೊಳಗಿನ ಉಷ್ಣತೆ ಕಡಿಮೆಯಾಗುವುದಿಲ್ಲ, ಅದು ದಿನದ ಸರಾಸರಿಯ ಸಮೀಪದಲ್ಲಿ ನಿಲ್ಲುತ್ತದೆ, ಅಷ್ಟೆ. ಬಂಡೆಯ ನೆತ್ತಿ ಬಹಳವಾಗಿ ಕಾದಿರುವುದು ಕೆಲವೇ ಗಂಟೆಗಳ ಕಾಲ. ಇರುಳೆಲ್ಲ ಅದು ತೆರೆದ ಆಕಾಶಕ್ಕೆ ಶಾಖವನ್ನು ಸೂಸುತ್ತಿರುತ್ತದೆ. ಗವಿಯ ಇಕ್ಕೆಲದ ಮತ್ತು ತಳದ ಕಲ್ಲುಗಳಿಗಂತೂ ಬಿಸಿಲೇ ತಾಗದು. ಆದುದರಿಂದ ಸರಾಸರಿಯು ಸಹಿಸಲು ಸಾಧ್ಯವಾದಷ್ಟೇ ಇರುತ್ತದೆ. ಮಾರ್ಚ್ ಕೊನೆಯಲ್ಲಿ ಹೊರಗಣ ಗಾಳಿ ಹಗಲು 38, ನಸುಕಿನಲ್ಲಿ 22 ಡಿಗ್ರಿಯಿದ್ದರೆ, ಒಳ್ಳೆಯ ಗವಿಯೊಂದು 30ರ ಆಸುಪಾಸಿನಲ್ಲಿ ಹಗಲಿರುಳೂ ನಿಂತಿರುತ್ತದೆಂದು ಭಾವಿಸಬಹುದು. ಮಧ್ಯಾಹ್ನ ಅದು ತಂಪು; ನಡುರಾತ್ರಿ ಅದೇ ಬೆಚ್ಚಗೆ. ತಾಯಿಕರಡಿಯು ಹೆಚ್ಚಾಗಿ ಚಳಿಗಾಲದಲ್ಲಿ ಮರಿ ಹಾಕುವುದು ಇಂಥ ಗವಿಯಲ್ಲಿಯೇ. ಕಣ್ಣು ಬಿಡದ ಮರಿಗಳಿಗೆ ಬೇಕಾದುದು ತಂಪೂ ಅಲ್ಲ, ಬಿಸಿಯೂ ಅಲ್ಲ, ಏರಿಳಿಯದಿರುವಿಕೆ.

ಎಮ್ಮಿಗನೂರಿನ ಎರಡು ಮಾಳಿಗೆಗಳ ನೆನಪು ನಮಗಾದುದು ಆಗಲೇ. ಸಿಮೆಂಟು ಸ್ಲ್ಯಾಬಿನ ದಪ್ಪ ಹನ್ನೆರಡು ಸೆಂಟಿಮೀಟರಿನಷ್ಟು. ಮಧ್ಯಾಹ್ನದ ಶಾಖ ಅದನ್ನು ದಾಟಿ ಒಳಗೆ ಬರಲು ಮೂರು ಗಂಟೆಯ ಮೇಲೆ ಹಿಡಿಯುತ್ತದೆ. ಬರುವಾಗಲೂ ಅರ್ಧಕ್ಕಿಂತ ಕೊಂಚ ಕಡಿಮೆ ಬಲವನ್ನು ಉಳಿಸಿಕೊಂಡೇ ಬರುತ್ತದೆ. ಮಲಗುವ ಹೊತ್ತಿಗೆ ಕೋಣೆ ಕುಲುಮೆಯಾಗಿರುತ್ತದೆ. ಒಂದೂವರೆ ಅಡಿ ಮಣ್ಣಿನ ಹಳೆಯ ಮಾಳಿಗೆಯ ಕೆಳಗೆ ದಿನದ ಅಲೆಯ ಸುಳಿವೇ ಇರುವುದಿಲ್ಲ. ನಮ್ಮ ಹಿರಿಯರು ಫೂರಿಯೇಯನ್ನು ಓದಿರಲಿಲ್ಲ, ಕರಡಿಯೂ ಓದಿಲ್ಲ. ಆದರೆ ಮಣ್ಣಿನ ಮಾಳಿಗೆಯನ್ನು ಕೆಡವಿ ಸ್ಲ್ಯಾಬು ಹಾಕಿಸಿದ ನಮ್ಮವರು ಬಹುಮಂದಿ ಕಾಲೇಜಿನಲ್ಲಿ ಓದಿದವರೇ.

ಹಿಂತಿರುಗುವ ದಾರಿಯಲ್ಲಿ, ಸೀಳಿದ ಬಂಡೆಯೊಂದರ ಅಂಚಿನಲ್ಲಿ ಬೆಣೆಗುಳಿಗಳ ಸಾಲನ್ನು ಕಂಡೆವು. ಅಂಥ ಸಾಲುಗಳು ಹಂಪೆಯ ತುಂಬ ಇವೆ. ವಿಜಯನಗರದ ಕಲ್ಲುಕುಟಿಗರ ಕೈಗುರುತುಗಳು ಅವು. ಬಿಸಿಲೊಂದೇ ಈ ಬಂಡೆಗಳನ್ನು ಒಡೆಯಬಲ್ಲದೆ ಎಂದು ವಾಚಕರು ಕೇಳಬಹುದು. ಮೇಲ್ಮೈ ಕಾದು ಹಿಗ್ಗುವಾಗ ಒಂದು ಗೇಣು ಕೆಳಗಿನ ಕಲ್ಲು ಹಿಗ್ಗದೆ ಕುಳಿತಿರುವುದರಿಂದ ನಡುವೆ ಸೆಣಸಾಟ ಉಂಟಾಗುವುದು ನಿಜ. ಹತ್ತು ಮೀಟರು ಉದ್ದದ ಹಾಸುಬಂಡೆ 30 ಡಿಗ್ರಿ ಕಾದರೆ ಎರಡು ಮಿಲಿಮೀಟರಿಗೂ ಹೆಚ್ಚು ಉದ್ದವಾಗಬಯಸುತ್ತದೆ. ಆದರೂ 1936ರಲ್ಲಿ ಡೇವಿಡ್ ಗ್ರಿಗ್ಸ್ ಎಂಬ ಅಮೆರಿಕದ ವಿಜ್ಞಾನಿ ಗ್ರಾನೈಟಿನ ತುಂಡೊಂದನ್ನು 110 ಡಿಗ್ರಿಗಳ ಅಂತರದಲ್ಲಿ 89,400 ಸಲ ಕಾಯಿಸಿ ಆರಿಸಿದಾಗ, ಎಂದರೆ 244 ವರ್ಷಗಳ ಹಗಲಿರುಳುಗಳನ್ನು ಅದಕ್ಕೆ ತೋರಿಸಿದಾಗ, ಒಣ ಕಲ್ಲು ಏನೂ ಆಗದೆ ಉಳಿಯಿತು. ನೀರನ್ನು ಚಿಮುಕಿಸಿ ಆರಿಸತೊಡಗಿದ ಮೇಲೆ ಬೇಗನೆ ಬಿರುಕುಗಳು ತೋರಿದುವು. ಬಿಸಿಲಿಗೆ ನೀರಿನ ನೆರವು ಬೇಕು, ಅದಕ್ಕೂ ಮಿಗಿಲಾಗಿ ಕಾಲ ಬೇಕು. ಮನುಷ್ಯನಿಗೆ ಇವಾವುವೂ ಬೇಡ. ಸಿಡಿಮದ್ದಿನ ಒಂದು ಕುಳಿ ಸಾಕು. ಗವಿಯ ಮೇಲಣ ಗುಂಡು ಒಡೆದು ಜಲ್ಲಿಯಾಗಿ ಹೋದರೆ ಕೆಳಗಿನ ಸಂದು ಸಂದಾಗಿಯೇ ಉಳಿದೀತು, ಗವಿಯಾಗಿ ಉಳಿಯದು. ಸಸಿಯನ್ನು ನೆಟ್ಟರೆ ಹತ್ತು ವರ್ಷದಲ್ಲಿ ಮರವಾಗುತ್ತದೆ. ಗವಿಯನ್ನು ನೆಡುವ ಉಪಾಯ ಯಾರಿಗೂ ತಿಳಿದಿಲ್ಲ. ಅಭಯಾರಣ್ಯದ ಹೊರಗೆ ಉಳಿದಿರುವ ಗುಡ್ಡಗಳ ಲೆಕ್ಕವನ್ನು ಘನಮೀಟರುಗಳಲ್ಲಿ ಹಾಕುವವರು ಈ ಮಾತನ್ನು ಗಮನಿಸಬೇಕೆಂದು ನಮಗೆ ತೋರುತ್ತದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಕಮಲಾಪುರದ ಕಡೆಯಿಂದ ಕರಡಿಧಾಮದ ವೀಕ್ಷಣಾಗೋಪುರಕ್ಕೆ ಬಂದೆವು. ಎದುರಿನ ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕವನ್ನು ಸವರಿ ಕರಡಿಗಳನ್ನು ಆಕರ್ಷಿಸುವುದು ಇಲ್ಲಿ ಬಹುಕಾಲ ನಡೆದುಬಂದ ಕ್ರಮ. ನಾಲ್ಕೂಕಾಲರವರೆಗೆ ನವಿಲುಗಳಲ್ಲದೆ ಮತ್ತೇನೂ ಕಾಣಲಿಲ್ಲ. ಗುಡ್ಡದ ಮೂಡಣ ಮಗ್ಗುಲಿಗೆ ನೆರಳು ಬಿದ್ದ ಮೇಲೆ, ಕಲ್ಲೊಂದು ಉರುಳಿಬಂದಂತೆ ಕರಿಯ ಆಕೃತಿಯೊಂದು ಸಂದಿನಿಂದ ಹೊರಬಂದಿತು. ಅದರ ಬೆನ್ನಿನ ಮೇಲೆ ಕೂದಲನ್ನು ಹಿಡಿದು ಕುಳಿತ ಎರಡು ಮರಿಗಳು. ತಾಯಿ ಬಂಡೆಯನ್ನು ನೆಕ್ಕುತ್ತಿದ್ದಷ್ಟು ಹೊತ್ತೂ ಅವು ಇಳಿಯಲಿಲ್ಲ. ನಮ್ಮ ಪಕ್ಕದಲ್ಲಿದ್ದ ಮಗುವೊಂದು ಅದನ್ನು ಆನೆಯ ಅಂಬಾರಿಗೆ ಹೋಲಿಸಿತು. ನಮಗೂ ಅದಕ್ಕಿಂತ ಒಳ್ಳೆಯ ಹೋಲಿಕೆ ಹೊಳೆಯಲಿಲ್ಲ.

ಹಗಲು ಗವಿಯಲ್ಲಿ ಮಲಗುವ ಪ್ರಾಣಿಗೆ ಸಂಜೆಯ ವೇಳೆಗೆ ಹಸಿವಾಗಿರುತ್ತದೆ. ನೆರಳು ಚಾಚಿದೆ, ಹೊರಗಣ ಗಾಳಿ ತಣಿಯತೊಡಗಿದೆ. ಗವಿಯ ಮೇಲಣ ಕಲ್ಲು ತೆಳುವಾಗಿದ್ದರೆ ಹಗಲಿನ ಶಾಖ ಆಗ ತಾನೇ ಒಳಗೆ ಬಂದು ಮುಟ್ಟುತ್ತಿರುತ್ತದೆ. ಉಷ್ಣತೆಯೊಂದೇ ಕಾರಣವೆಂದು ನಾವು ವಾದಿಸುವುದಿಲ್ಲ. ಮನುಷ್ಯರ ಸದ್ದಡಗುವುದೂ ಅದೇ ಹೊತ್ತಿಗೆ. ಹೇಗೇ ಇರಲಿ, ಕತ್ತಲೆ ಕವಿದ ಮೇಲೆ ಬೆಳಗಿನವರೆಗೆ ಕರಡಿಯ ದಿನಚರಿ. ಕರೆಂಟಿನ ಸುದ್ದಿ ಅದಕ್ಕೆ ಯಾರೂ ಹೇಳುವುದಿಲ್ಲ. ಕಾಲುವೆ ಮತ್ತು ಕೊಳವೆಬಾವಿಗಳಿಂದ ಗುಡ್ಡದ ಬುಡದವರೆಗೂ ಹಸಿರು ಬಂದಿತು. ರಾತ್ರಿಯ ಪಾಳಿಯ ವಿದ್ಯುತ್ತಿನಿಂದ ಆ ಹಸಿರಿನ ನಡುವೆ ಮನುಷ್ಯನೂ ಬಂದನು. ಕರಡಿ ಮೊದಲಿನಿಂದಲೂ ತನ್ನ ಹೊತ್ತಿಗೇ ಬರುತ್ತಿದೆ.

ರಾತ್ರಿ ಎಂಟರ ಸುಮಾರಿಗೆ ಭಾವನವರ ಹೊಲಕ್ಕೆ ಹೋಗಿ ಇದನ್ನೆಲ್ಲ ಹೇಳಿದೆವು. ಅವರು ಬೀಡಿ ಹಚ್ಚಿ ಸುಮ್ಮನೆ ಕೇಳುತ್ತಿದ್ದರು. ಎಲೆಯೂ ಅಲುಗದ ರಾತ್ರಿ. ಆದರೂ ಬೀಡಿಯ ಹೊಗೆ ನೆಟ್ಟಗೆ ಏರದೆ ಗುಡ್ಡದ ಕಡೆಯಿಂದ ಕಾಲುವೆಯ ಕಡೆಗೆ ಮೆಲ್ಲನೆ ಸರಿಯುತ್ತಿತ್ತು. ನಿರಭ್ರವಾದ ರಾತ್ರಿಗಳಲ್ಲಿ ಇಳಿಜಾರಿನ ನೆಲ ಶಾಖವನ್ನು ಆಕಾಶಕ್ಕೆ ಬಿಟ್ಟು ಬೇಗ ತಣಿಯುತ್ತದೆ. ಅದನ್ನು ತಗುಲಿದ ಗಾಳಿ ತಂಪಾಗಿ, ಭಾರವಾಗಿ, ನೀರಿನಂತೆ ತಗ್ಗಿಗೆ ಹರಿಯುತ್ತದೆ. ಕರಡಿಯ ಕಣ್ಣು ಮಂದ, ಮೂಗು ಮಾತ್ರ ಬಲು ಚುರುಕು. ಆದರೆ ಗುಡ್ಡದಿಂದ ಇಳಿದು ಬರುವ ಕರಡಿಗೆ ಈ ಗಾಳಿ ಬೆನ್ನ ಹಿಂದಿನಿಂದ ಬೀಸುತ್ತದೆ. ಹೊಲದಲ್ಲಿ ಬಗ್ಗಿ ಮಡೆ ತಿರುಗಿಸುತ್ತಿರುವ ಮನುಷ್ಯನ ವಾಸನೆ ಅದನ್ನು ಮುಟ್ಟುವುದೇ ಇಲ್ಲ. ಎರಡು ಮಾರು ಹತ್ತಿರ ಬಂದ ಮೇಲೆ ಇಬ್ಬರೂ ಬೆಚ್ಚುತ್ತಾರೆ. ಬೆಚ್ಚಿದ ಕರಡಿ ಓಡುವುದಕ್ಕಿಂತ ಮೇಲೆ ಬೀಳುವುದೇ ಹೆಚ್ಚು. ಇದು ನಮ್ಮ ಊಹೆ. ಯಾರೂ ಅಳೆದು ನೋಡಿದುದನ್ನು ನಾವು ಓದಿಲ್ಲ. ಆದರೂ ಮೂಗಿಗೆ ತಲುಪದ ಸುದ್ದಿಯನ್ನು ಕಿವಿಗೆ ತಲುಪಿಸುವುದು ನಮ್ಮ ಕೈಯಲ್ಲಿದೆ ಎಂದು ಹೇಳಿದೆವು: ಹೊತ್ತು ಮುಳುಗುವ ಮೊದಲೇ ಹೊಲ ಸೇರುವುದು, ಬೆಳಕು ಹರಿದ ಮೇಲೆಯೇ ಹಿಂತಿರುಗುವುದು, ಒಬ್ಬರೇ ಹೋಗದಿರುವುದು, ಹೋದಾಗ ಸದ್ದು ಮಾಡುತ್ತಿರುವುದು.

ಭಾವನವರು ಹೊಗೆಯನ್ನೇ ನೋಡುತ್ತಿದ್ದು, "ನಾವು ಕರಡಿ ಕೇಳಿಸಿಕೊಂತೈತೆ ಅಂತ ಬಾಯಿ ಮುಚ್ಕೆಂಡು ಓಡಾಡ್ತಿದ್ವಿ, ಸಾರ್" ಎಂದರು.

ಹತ್ತೂವರೆಗೆ ಕರೆಂಟು ಬಂದಿತು. ಅವರ ಮಗ ಟಾರ್ಚು ಹಿಡಿದು ಮುಂದೆ ನಡೆದನು. ಭಾವನವರು ಜೇಬಿನ ಮೊಬೈಲಿನಲ್ಲಿ ಬಯಲಾಟದ ಹಾಡೊಂದನ್ನು ಗಟ್ಟಿಯಾಗಿ ಹಚ್ಚಿ, ಗುದ್ದಲಿಯನ್ನು ಹೆಗಲಿಗೇರಿಸಿ ಅವನ ಹಿಂದೆ ಹೋದರು. ನಾವು ಕಾಲುವೆಯ ಏರಿಯ ಮೇಲಿನಿಂದ ಎಮ್ಮಿಗನೂರಿನ ದಾರಿ ಹಿಡಿದಾಗಲೂ ಆ ಮದ್ದಳೆಯ ಸದ್ದು ಮೆಕ್ಕೆಜೋಳದೊಳಗಿಂದ ಕೇಳುತ್ತಿತ್ತು.